ಕೆಲಸ ಬಿಡುವವರು ಬೇಕಾಗಿದ್ದಾರೆ

ಅಜ್ಜಿಯರ ಕಥೆಗಳಲ್ಲಿ ರಾಜಕುಮಾರನಿಗೆ ಆಗದ ಕೆಲಸಗಳನ್ನೇ ಹುಡುಕಿ ಹುಡುಕಿ ಕೊಡುತ್ತಾರೆ. ಹುಲಿಯ ಹಾಲು ತಾ ಎನ್ನುತ್ತಾರೆ, ಏಳು ಕಡಲಾಚೆಯ ಹೂ ತಾ ಎನ್ನುತ್ತಾರೆ. ಅವನು ತಂದು ಸುರಿದು ಅರ್ಧ ರಾಜ್ಯ ಹೊಡೆದುಕೊಳ್ಳುತ್ತಾನೆ. ನಮ್ಮ ಪಟ್ಟುವಿಗೆ ಕಾಲೇಜಿನವರು ಕೊಟ್ಟದ್ದು ಒಂದೇ ಕೆಲಸ. ಮಾಡಿದರೆ ಸಿಗುವುದು ಅರ್ಧ ರಾಜ್ಯವಲ್ಲ, ಪಾಸಾಗಲು ಬೇಕಾದ ಮೂವತ್ತೈದು ಅಂಕ. ಆದರೂ ಆ ಕೆಲಸವನ್ನು ಕೇಳಿದ ಮೇಲೆ ಅವನಿಗೆ ಹುಲಿಯ ಹಾಲೇ ಸುಲಭವಾಗಿತ್ತು ಅನ್ನಿಸಿತು.

ಪಟ್ಟು ಎನ್ನುವುದು ಅವನ ಅಡ್ಡಹೆಸರು. ಹಿಡಿದ ಪಟ್ಟು ಬಿಡದವನು ಎಂಬ ಹೊಗಳಿಕೆ ಅದು ಎಂದು ಹೊರಗಿನವರು ತಿಳಿದಿದ್ದರು. ಮನೆಯವರಿಗೆ ನಿಜ ಗೊತ್ತಿತ್ತು. ಐದು ವರ್ಷದವನಿದ್ದಾಗ ಅವನು ಒಂದು ಡಬ್ಬಿಯ ಮುಚ್ಚಳವನ್ನು ಮೂರು ದಿನ ತಿರುಗಿಸಿದ್ದ. ಊಟಕ್ಕೆ ಕರೆದರೂ ಡಬ್ಬಿಯ ಸಮೇತ ಬರುತ್ತಿದ್ದ. ನಾಲ್ಕನೆಯ ದಿನ ಅಮ್ಮ ಅದನ್ನು ಕಿತ್ತುಕೊಂಡು ಇನ್ನೊಂದು ದಿಕ್ಕಿಗೆ ತಿರುಗಿಸಿ ತೆಗೆದಳು.

ಈಗ ಅವನು ಬಿಬಿಎ ಕೊನೆಯ ವರ್ಷದಲ್ಲಿದ್ದ. ವಿಶೇಷ ವಿಷಯ ಮಾನವ ಸಂಪನ್ಮೂಲ ನಿರ್ವಹಣೆ. "ಮನುಷ್ಯರನ್ನ ಸಂಭಾಳಿಸೋಕೆ ಮೂರು ವರ್ಷ ಓದ್ಬೇಕೇನೋ?" ಎಂದು ಪಕ್ಕದ ಮನೆಯ ಆಂಟಿ ಆಗಾಗ ಆಶ್ಚರ್ಯಪಡುತ್ತಿದ್ದರು. "ನಮ್ಮನೇಲಿ ಅತ್ತೆ, ಮಾವ, ಮೂರು ಜನ ನಾದಿನಿಯರು. ನನಗೆ ಯಾವ ಕಾಲೇಜಿನೋರೂ ಸರ್ಟಿಫಿಕೇಟ್ ಕೊಡ್ಲಿಲ್ಲಪ್ಪ."

ಆ ಒಂದು ವಿಷಯದಲ್ಲಿ ಪಟ್ಟು ಎರಡು ಸಲ ನಪಾಸಾಗಿದ್ದ. ಮೂರನೆಯ ಸಲಕ್ಕೆ ಲಿಖಿತ ಪರೀಕ್ಷೆ ಹೇಗೋ ದಾಟಿತು. ಉಳಿದದ್ದು ಪ್ರಾಜೆಕ್ಟ್ ಮಾತ್ರ. ಅಮ್ಮ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: "ಈ ಸಲವೂ ಆಗಲಿಲ್ಲ ಅಂದ್ರೆ ಡಿಗ್ರಿ ಸಾಕು. ಸೋಮವಾರದಿಂದ ನಿಮ್ಮ ಮಾವನ ಗಾದಿ ಕಾರ್ಖಾನೆಗೆ ಹೋಗಿ ಫೋಮ್ ತುಂಬು."

ಪ್ರಾಜೆಕ್ಟಿನ ವಿಷಯಕ್ಕೆ ಮೇಡಂ ಚೀಟಿ ಎತ್ತಿಸಿದರು. ಒಬ್ಬನಿಗೆ 'ನೇಮಕಾತಿ' ಬಂತು, ಒಬ್ಬಳಿಗೆ 'ತರಬೇತಿ' ಬಂತು. ಪಟ್ಟು ಎತ್ತಿದ ಚೀಟಿಯಲ್ಲಿ 'ನಿರ್ಗಮನ ಸಂದರ್ಶನ' ಎಂದಿತ್ತು. ಅಂದರೆ, ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿಕೊಂಡು, ಯಾಕೆ ಹೋಗುತ್ತಿದ್ದೀರಿ, ಇಲ್ಲಿ ಏನು ಸರಿಯಿರಲಿಲ್ಲ, ಮುಂದೇನು ಮಾಡುತ್ತೀರಿ ಎಂದು ಹತ್ತು ಪ್ರಶ್ನೆ ಕೇಳುವುದು.

"ಕಟ್ಟುಕಥೆ ಬರ್ಕೊಂಡು ಬಂದ್ರೆ ಸೊನ್ನೆ," ಎಂದರು ಮೇಡಂ. ಅವರು ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆಯಲ್ಲಿ ಅದೇ ಪಾಠ ಮಾಡುತ್ತಿದ್ದವರು. ಕಟ್ಟುಕಥೆಯ ವಾಸನೆ ಅವರಿಗೆ ಬಾಗಿಲಿನಿಂದಲೇ ಬಡಿಯುತ್ತಿತ್ತು. "ನಿಜವಾದ ಕೆಲಸಗಾರ, ನಿಜವಾಗಿ ಬಿಡ್ತಾ ಇರ್ಬೇಕು. ಮಾಲೀಕರ ಸಹಿ, ಮೊಹರು ಎರಡೂ ಬೇಕು. ಶುಕ್ರವಾರ ನಾಲ್ಕು ಗಂಟೆ. ನಾಲ್ಕೂ ಐದಕ್ಕೆ ನಾನು ನಿನ್ನನ್ನ ಗುರುತೂ ಹಿಡಿಯಲ್ಲ."

ಪಟ್ಟು ಸೋಮವಾರವೇ ಬೀದಿಗಿಳಿದ. ಮೊದಲು ಔಷಧದ ಅಂಗಡಿ. ಕೌಂಟರಿನವನು ಮಾತ್ರೆ ಎಣಿಸುತ್ತಿದ್ದ.

"ಅಣ್ಣ, ನೀವು ಕೆಲಸ ಬಿಡ್ತಿದ್ದೀರಾ?"

ಕೌಂಟರಿನವನ ಕೈಯಿಂದ ಮಾತ್ರೆ ಚೆಲ್ಲಿತು. "ಯಾರು ಹೇಳಿದ್ರು ನಿಂಗೆ? ಓನರ್ ಏನಾದ್ರೂ ಅಂದ್ರಾ?"

"ಇಲ್ಲ ಇಲ್ಲ. ಬಿಡೋ ಹಾಗಿದ್ರೆ ನಂಗೆ ಉಪಯೋಗ ಆಗ್ತಿತ್ತು."

"ಓಹೋ! ನಿನ್ನ ಕಣ್ಣು ನನ್ನ ಸ್ಟೂಲಿನ ಮೇಲೆ ಬಿತ್ತಾ? ನಡಿ ಆಚೆ!"

ಜೆರಾಕ್ಸ್ ಅಂಗಡಿಯಲ್ಲೂ ಇದೇ ಆಯಿತು. ಸಲೂನಿನಲ್ಲಿ ಸ್ವಲ್ಪ ಹೆಚ್ಚೇ ಆಯಿತು, ಯಾಕೆಂದರೆ ಪ್ರಶ್ನೆ ಕೇಳಿದಾಗ ಕ್ಷೌರಿಕನ ಕೈಯಲ್ಲಿ ಕತ್ತಿಯಿತ್ತು, ಕತ್ತಿಯ ಕೆಳಗೆ ಒಬ್ಬ ಗಿರಾಕಿಯಿದ್ದ. ಬುಧವಾರದ ಹೊತ್ತಿಗೆ ಇಡೀ ಬೀದಿಯ ಕೆಲಸಗಾರರು ಅವನನ್ನು ಕಂಡರೆ ತಲೆ ತಗ್ಗಿಸಿ ಎಂದೂ ಇಲ್ಲದ ಶ್ರದ್ಧೆಯಿಂದ ಕೆಲಸ ಮಾಡತೊಡಗಿದ್ದರು. ಪಕ್ಕದ ಮನೆಯ ಆಂಟಿ ಗೋಡೆಯಾಚೆಯಿಂದ ಅಮ್ಮನಿಗೆ ಸುದ್ದಿ ಮುಟ್ಟಿಸಿದರು: "ನಿಮ್ಮ ಮಗ ಕಂಡೋರ ಕೆಲಸಕ್ಕೆಲ್ಲ ಕಲ್ಲು ಹಾಕ್ತಿದ್ದಾನಂತೆ ಕಣ್ರೀ. ಓದೋ ಹುಡುಗ, ನೋಡ್ಕೊಳ್ಳಿ."

ಹಾಗೆ ಉಳಿದದ್ದು ಮಾವನ ಗಾದಿ ಕಾರ್ಖಾನೆ. ಪಟ್ಟು ಅದನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿತ್ತು. ಅಲ್ಲಿ ಕೆಲಸಕ್ಕಿದ್ದವರು ಹನ್ನೊಂದು ಜನ, ಹದಿನಾಲ್ಕು ವರ್ಷದಿಂದ ಒಬ್ಬರೂ ಬಿಟ್ಟಿರಲಿಲ್ಲ. ಬಂದವರಿಗೆಲ್ಲ ಮಾವ ಮೊದಲು ಹೇಳುತ್ತಿದ್ದದ್ದೇ ಅದು: "ನನ್ನಲ್ಲಿಗೆ ಬಂದೋರು ಹೋಗಲ್ಲ. ಯಾಕೆ ಹೇಳಿ? ಖುಷಿಯಾಗಿದ್ದಾರೆ." ಖುಷಿಯಾಗಿದ್ದೀರಾ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಕೇಳುವುದೇಕೆ ಎಂಬುದು ಅವನ ವಾದ.

ಗುರುವಾರ ಬೆಳಿಗ್ಗೆ ಪಟ್ಟು ಹೋದಾಗ ಒಳಗೆ ಫೋಮಿನ ಪುಡಿ ಹಾರುತ್ತಿತ್ತು. ಹಾಸ್ಟೆಲೊಂದಕ್ಕೆ ನೂರಿಪ್ಪತ್ತು ಗಾದಿ ಶನಿವಾರಕ್ಕೆ ಹೋಗಬೇಕಿತ್ತು. ಗೋಡೆಯ ಬದಿಯ ಯಂತ್ರದಲ್ಲಿ ಗಾದಿಯ ಅಂಚು ಹೊಲಿಯುತ್ತಿದ್ದವಳು ಸೂಜಿಯಮ್ಮ. ಹತ್ತೊಂಬತ್ತು ವರ್ಷದಿಂದ ಅದೇ ಯಂತ್ರ, ಅದೇ ಗೋಡೆ. ಮಾತು ಕಮ್ಮಿ, ಹೊಲಿಗೆ ನೆಟ್ಟಗೆ.

"ಸೂಜಿಯಮ್ಮಾ, ಒಂದು ಗಂಟೆ ಮಟ್ಟಿಗೆ ನೀವು ಕೆಲಸ ಬಿಡ್ತೀರಿ ಅಂತ ಅಂದ್ಕೊಳ್ತೀರಾ?"

"ಬಿಡ್ತಿಲ್ವಲ್ಲಪ್ಪ."

"ಅಂದ್ಕೊಳ್ಳಿ ಅಷ್ಟೇ."

"ಅಂದ್ಕೊಂಡು ಏನು ಮಾಡ್ಲಿ?"

"ನಾನು ಕೇಳಿದ್ದಕ್ಕೆ ಹೇಳಿ. ನನ್ನ ವರ್ಷ ಉಳಿಯುತ್ತೆ."

ಹುಡುಗನ ವರ್ಷ ಉಳಿಯುತ್ತೆ ಅಂದ ಮೇಲೆ ಅವಳು ದಾರ ಕತ್ತರಿಸಿ ಎದ್ದಳು. ಇಬ್ಬರೂ ಉಗ್ರಾಣದಲ್ಲಿ, ಎರಡು ಗಾದಿ ರಾಶಿಗಳ ನಡುವೆ ಕೂತರು. ಪಟ್ಟು ಪೆನ್ನು ತೆಗೆದು ಗಂಟಲು ಸರಿಮಾಡಿಕೊಂಡ.

"ಪ್ರಶ್ನೆ ಒಂದು. ನೀವು ಈ ಸಂಸ್ಥೆಯನ್ನು ಬಿಡಲು ಕಾರಣಗಳೇನು?"

ಸೂಜಿಯಮ್ಮ ಸೆರಗಿನ ತುದಿಯಿಂದ ಫೋಮಿನ ಪುಡಿ ಕೊಡವಿದಳು. ಆಮೇಲೆ, "ಗೋಡೆ" ಎಂದಳು.

"ಗೋಡೆ?"

"ಹತ್ತೊಂಬತ್ತು ವರ್ಷದಿಂದ ಗೋಡೆ ನೋಡ್ತಾ ಹೊಲೀತಿದ್ದೀನಿ. ಯಂತ್ರ ಈ ಕಡೆ ತಿರುಗಿಸಿದ್ರೆ ಬಾಗಿಲಾದ್ರೂ ಕಾಣುತ್ತೆ. ಒಬ್ಬರಾದ್ರೂ ಕೇಳಿದ್ರಾ? ಇನ್ನು ಆ ಫ್ಯಾನು. ಅದರ ಮುಖ ಯಾವಾಗಲೂ ಯಜಮಾನರ ಮೇಜಿನ ಕಡೆ. ಯಜಮಾನರು ಇಲ್ಲದಿದ್ದಾಗ ಅವರ ಕುರ್ಚಿಗೆ ಗಾಳಿ ಹೊಡೀತದೆ, ಕುರ್ಚಿಗೆ ಸೆಕೆ ಆಗ್ಬಾರ್ದು ನೋಡು. ಬರ್ಕೊಂಡ್ಯಾ?"

"ಬರ್ಕೊಂಡೆ."

"ಹಾಗಾದ್ರೆ ಕತ್ತರಿ ಮೇಸ್ತ್ರಿ ವಿಷಯ ಬರ್ಕೋ. ಬಟ್ಟೆ ಸೊಟ್ಟ ಕತ್ತರಿಸ್ತಾನೆ. ನಾನು ನೆಟ್ಟಗೆ ಹೊಲೀತೀನಿ. ಹೊಗಳೋದು ಯಾರನ್ನ? 'ಏನ್ ಕಟಿಂಗಪ್ಪ ಮೇಸ್ತ್ರಿ!' ಅಂತ."

ಪಟ್ಟು ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಎಂಟು ಹಾಳೆ ಮುಗಿದಿದ್ದವು. ಮುಂದೇನು ಮಾಡುತ್ತೀರಿ ಎಂಬ ಒಂಬತ್ತನೆಯ ಪ್ರಶ್ನೆ ಕೇಳಿದಾಗ ಮಾತ್ರ ಅವಳು ಧ್ವನಿ ತಗ್ಗಿಸಿ ಏನೋ ಹೇಳಿದಳು. ಬರೆಯುವ ಭರದಲ್ಲಿದ್ದ ಪಟ್ಟು ಅದನ್ನು ಬರೆದುಕೊಂಡನೇ ಹೊರತು ಯೋಚಿಸಲಿಲ್ಲ. ಒಟ್ಟು ಹದಿನಾಲ್ಕು ಹಾಳೆಯಾಯಿತು. ಸೂಜಿಯಮ್ಮ ಉಗ್ರಾಣದಿಂದ ಹೊರಬಂದಾಗ ಅವಳ ಮುಖ ನೋಡಿ ಯಂತ್ರಗಳು ತಾವಾಗಿ ನಿಂತವು.

"ಒಳಗೆ ಏನು ಕೊಟ್ಟ?" ಎಂದು ಕತ್ತರಿ ಮೇಸ್ತ್ರಿ ಪಿಸುಗುಟ್ಟಿದ.

"ಏನೂ ಕೊಡ್ಲಿಲ್ಲ. ಕೇಳ್ದ."

"ಬರೀ ಕೇಳ್ದನಾ?"

"ನಡುವೆ ಬಾಯಿ ಹಾಕದೆ ಕೇಳ್ದ."

ಮೇಸ್ತ್ರಿಗೆ ತಡೆಯಲಿಲ್ಲ. ಕತ್ತರಿ ಇಟ್ಟು ಉಗ್ರಾಣಕ್ಕೆ ನುಗ್ಗಿದ. "ನಂದೂ ಬರ್ಕೋ. ಮೊದಲನೇದಾಗಿ ಬಟ್ಟೆ ಸೊಟ್ಟ ಅಂತ ಸೂಜಿಯಮ್ಮ ಹೇಳಿರ್ತಾಳೆ. ಬಟ್ಟೆ ಸೊಟ್ಟ ಅಲ್ಲ, ಮೇಜು ಸೊಟ್ಟ!" ಅವನ ಹಿಂದೆ ಫೋಮ್ ತುಂಬುವವರು, ಅವರ ಹಿಂದೆ ಗುಂಡಿ ಒತ್ತುವವಳು. ಕೊನೆಗೆ ಗೇಟಿನ ಕಾವಲುಗಾರನೂ ಗೇಟು ಬಿಟ್ಟು ಬಂದು ಸಾಲಿನಲ್ಲಿ ನಿಂತ. ಕಾವಲುಗಾರನ ದೂರು ವಿಚಿತ್ರವಾಗಿತ್ತು: ಹನ್ನೆರಡು ವರ್ಷದಲ್ಲಿ ಒಬ್ಬ ಕಳ್ಳನೂ ಬರದೆ ತನ್ನ ಪ್ರತಿಭೆ ವ್ಯರ್ಥವಾಗಿದೆ.

ಒಬ್ಬರು ಸಾಕಾಗಿತ್ತು. ಆದರೆ ಮೂವತ್ತೈದು ಅಂಕಕ್ಕೆ ಒಬ್ಬರಾದರೆ ಹನ್ನೊಂದು ಜನಕ್ಕೆ ಎಷ್ಟು ಎಂದು ಪಟ್ಟು ಮನಸ್ಸಿನಲ್ಲೇ ಗುಣಿಸಿದ್ದ.

ಇನ್ನು ಸಹಿ. ರಾಕ್ಷಸನ ಪ್ರಾಣ ಗಿಳಿಯಲ್ಲಿರುವ ಹಾಗೆ ಮಾವನ ಪ್ರಾಣ ಅವನ ದುಂಡು ಮೊಹರಿನಲ್ಲಿತ್ತು. ಅದನ್ನು ಒತ್ತುವ ಅವಕಾಶ ತಿಂಗಳಿಗೆ ಒಂದು ಬಂದರೆ ಹೆಚ್ಚು. ಪಟ್ಟು ಹನ್ನೊಂದು ಫಾರ್ಮ್ ಮುಂದಿಟ್ಟಾಗ ಮಾವ ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡು ಹಾಸ್ಟೆಲಿನವರೊಂದಿಗೆ ಮಾತಾಡುತ್ತಿದ್ದ.

"ಏನೋ ಇದು?"

"ಕಾಲೇಜಿಂದು ಮಾವ."

"ಕಾಲೇಜಿಂದಾ? ತಾ ತಾ." ಸಹಿ, ಧಪ್. ಸಹಿ, ಧಪ್. ಹನ್ನೊಂದು ಸಲ ಮೇಜು ನಡುಗಿತು. "ಇನ್ನೂ ಇದ್ರೆ ಕೊಡು."

ಪಟ್ಟು ಆ ಫಾರ್ಮನ್ನು ಪಠ್ಯಪುಸ್ತಕದ ಕೊನೆಯ ಪುಟದಿಂದ ಜೆರಾಕ್ಸ್ ಮಾಡಿಸಿದ್ದ. ಅದರ ಬುಡದಲ್ಲಿ ಒಂದು ವಾಕ್ಯವಿತ್ತು: 'ಸದರಿ ನೌಕರರನ್ನು ಇಂದಿನಿಂದ ಜಾರಿಗೆ ಬರುವಂತೆ ಸೇವೆಯಿಂದ ಬಿಡುಗಡೆ ಮಾಡಲಾಗಿದೆ.' ಮಾವನ ಸಹಿ ಬಿದ್ದದ್ದು ಅದರ ಕೆಳಗೆ. ನೌಕರನು ಮನೆಯಲ್ಲಿ ನಿಧಾನವಾಗಿ ಓದಿ ಸಹಿ ಮಾಡಿ ತರತಕ್ಕದ್ದು ಎಂದು ಪುಸ್ತಕ ಹೇಳಿತ್ತು. ಪುಸ್ತಕ ಹೇಳಿದ್ದನ್ನು ಪಟ್ಟು ಬಿಡುವವನಲ್ಲ. ಸಂಜೆ ಹನ್ನೊಂದು ಜನಕ್ಕೂ ಹಂಚಿದ.

ಶುಕ್ರವಾರ ಬೆಳಿಗ್ಗೆ ಮಾವ ಕಾರ್ಖಾನೆಗೆ ಬಂದಾಗ ಗೇಟಿಗೆ ಬೀಗವಿತ್ತು. ಹನ್ನೊಂದು ಜನ ಹೊರಗೆ, ಕೈಯಲ್ಲಿ ಒಂದೊಂದು ಕಾಗದ ಹಿಡಿದು, ಸತ್ತವರ ಮನೆಯ ಮುಂದೆ ನಿಂತಂತೆ ನಿಂತಿದ್ದರು.

"ಬೀಗ ತೆಗಿಯೋ," ಎಂದ ಮಾವ ಕಾವಲುಗಾರನಿಗೆ.

"ಬೀಗ ತೆಗೆಯೋದು ಕಾವಲುಗಾರನ ಕೆಲಸ ಸಾರ್. ನಾನು ನಿನ್ನೆಯಿಂದ ಕಾವಲುಗಾರ ಅಲ್ಲ."

"ಹಾಗಾದ್ರೆ ಕೀ ಕೊಡು!"

"ಹೊರಗಿನೋನ ಜೇಬಲ್ಲಿ ನಿಮ್ಮ ಕೀ ಇದ್ರೆ ಅದು ಕಳವು ಆಗುತ್ತೆ ಸಾರ್. ಇದೆ ಅಂತ ನಾನು ಹೇಗೆ ಹೇಳ್ಲಿ?" ಹನ್ನೆರಡು ವರ್ಷದ ನಂತರ ಅವನ ಪ್ರತಿಭೆಗೆ ಕೊನೆಗೂ ಒಂದು ಕಳ್ಳತನ ಸಿಕ್ಕಿತ್ತು.

ಮಾವ ಮೇಸ್ತ್ರಿಯ ಕೈಯ ಕಾಗದ ಕಿತ್ತುಕೊಂಡು ನೋಡಿದ. 'ಕೆಲಸ ಬಿಡಲು ಕಾರಣ' ಎಂಬುದರ ಮುಂದೆ ಪಟ್ಟುವಿನ ಅಕ್ಷರದಲ್ಲಿ 'ಮೇಜು ಸೊಟ್ಟ' ಎಂದಿತ್ತು.

"ಏನಯ್ಯಾ ಇದು? ಎಲ್ಲಾ ಒಟ್ಟಿಗೆ ಬಿಟ್ಟು ಹೋಗ್ತಿದ್ದೀರಾ? ನಾಳೆ ನೂರಿಪ್ಪತ್ತು ಗಾದಿ ಕೊಡ್ಬೇಕು! ಇಷ್ಟು ವರ್ಷದಲ್ಲಿ ನನ್ನ ಮುಖಕ್ಕೆ ಒಂದು ಮಾತು ಹೇಳ್ಲಿಲ್ಲ, ನಮ್ಮ ಹುಡುಗನ ಹತ್ರ ಹೇಳ್ಕೊಂಡ್ರಿ!"

ಮೇಸ್ತ್ರಿ ಕೆರಳಿದ. "ನಾವು ಬಿಟ್ವಾ? ನೀವು ತೆಗೆದುಹಾಕಿದ್ರಿ! ಇಷ್ಟು ವರ್ಷ ದುಡಿದೋರಿಗೆ ಮುಖಕ್ಕೆ ಒಂದು ಮಾತು ಹೇಳ್ಲಿಲ್ಲ, ನಿಮ್ಮ ಹುಡುಗನ ಕೈಲಿ ಹೇಳಿ ಕಳಿಸಿದ್ರಿ! ಮೊದಲು ನಯವಾಗಿ ಕೂರಿಸಿ ಕಷ್ಟಸುಖ ಕೇಳೋದು, ಬಾಯಿ ಬಿಟ್ಟ ಮೇಲೆ ಬಿಡುಗಡೆ. ಇದಕ್ಕೆ ಕಾಲೇಜು ಬೇರೆ!"

"ನಾನೆಲ್ಲಿ ತೆಗೆದುಹಾಕಿದೆ?"

"ಸಹಿ ಯಾರದು?"

ಮಾವ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ನಂದು."

"ಮೊಹರು?"

"ನಂದೇ." ಅಷ್ಟರ ನಡುವೆಯೂ, "ಚೆನ್ನಾಗಿ ಬಿದ್ದಿದೆ" ಎಂದುಕೊಂಡ.

ಎದುರಿನ ಅಂಗಡಿಯವರು ಹೊರಗೆ ಬಂದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟುಕೊಟ್ಟು ನಿಂತರು. ಔಷಧದ ಅಂಗಡಿಯವನು ಬಂದು, "ನಾನು ಸೋಮವಾರವೇ ಹೇಳಿದ್ದೆ, ಈ ಹುಡುಗ ಸಾಮಾನ್ಯ ಅಲ್ಲ ಅಂತ" ಎಂದು ಸಾಕ್ಷಿ ನುಡಿದ. ಆ ಹೊತ್ತಿಗೆ ಸರಿಯಾಗಿ ಪಟ್ಟು, ಸಹಿಯಾದ ಫಾರ್ಮುಗಳನ್ನು ಸಂಗ್ರಹಿಸಲು ಒಂದು ಹೊಸ ಫೈಲು ಹಿಡಿದು ಬಂದ.

"ಎಲ್ಲರೂ ಬಂದಿದ್ದೀರಾ? ಒಳ್ಳೇದಾಯ್ತು. ಸಹಿ ಮಾಡಿದ್ರಾ?"

ಮುಂದೆ ನಡೆದದ್ದನ್ನು ವಿವರಿಸುವುದು ಬೇಡ. ಹನ್ನೊಂದು ಜನ ಒಂದು ಕಡೆ, ಮಾವ ಒಂದು ಕಡೆ. ಹದಿನಾಲ್ಕು ವರ್ಷದಲ್ಲಿ ಅವರೆಲ್ಲ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಪಟ್ಟು ಎರಡು ಗಾದಿ ಗಾಡಿಗಳ ಸುತ್ತ ನಾಲ್ಕು ಸುತ್ತು ಓಡಿದ, ಐದನೆಯ ಸುತ್ತಿಗೆ ಅಮ್ಮ ಬಂದಳು. ಪಕ್ಕದ ಮನೆಯ ಆಂಟಿ ಸುದ್ದಿ ತಲುಪಿಸುವಲ್ಲಿ ಅಂಚೆಯವರಿಗಿಂತ ಚುರುಕು.

ಅಮ್ಮ ಮಾವನಿಗೆ ಅಕ್ಕ. ಮಾವ ಹೆದರುತ್ತಿದ್ದದ್ದು ಅವಳೊಬ್ಬಳಿಗೇ. ಮಗನ ಕಿವಿ ಹಿಡಿದು ನಿಲ್ಲಿಸಿ ಪೂರ್ತಿ ಕೇಳಿದಳು. ತಮ್ಮನ ಕಡೆ ತಿರುಗಿ, "ನಿಂಗೆ ಕಣ್ಣಿಲ್ವಾ? ಓದದೆ ಸಹಿ ಹಾಕ್ತೀಯಾ?" ಎಂದಳು. ಕೆಲಸಗಾರರ ಕಡೆ ತಿರುಗಿ, "ನಿಮಗೆ ಬಾಯಿಲ್ವಾ? ಒಳಗೆ ಹೋಗಿ ಕೇಳೋಕಾಗಲ್ವಾ?" ಎಂದಳು. ಹನ್ನೊಂದು ಫಾರ್ಮನ್ನೂ ಒಟ್ಟು ಮಾಡಿ, ಒಂದೇ ಎಳೆತಕ್ಕೆ ಹರಿದಳು. "ಯಾರೂ ಬಿಟ್ಟಿಲ್ಲ, ಯಾರನ್ನೂ ತೆಗೆದಿಲ್ಲ. ಬೀಗ ತೆಗೀರಿ."

ಕಾವಲುಗಾರ ಮರುಕ್ಷಣವೇ ಕಾವಲುಗಾರನಾಗಿ ಜೇಬಿನಿಂದ ಕೀ ತೆಗೆದ.

ಎಲ್ಲರೂ ನಕ್ಕರು. ಪಟ್ಟು ಮಾತ್ರ ಕಾಗದದ ಚೂರುಗಳ ನಡುವೆ ನಿಂತಿದ್ದ. ಗಂಟೆ ಹನ್ನೊಂದೂವರೆ. ಯಾರೂ ಬಿಟ್ಟಿಲ್ಲ ಅಂದರೆ ನಿರ್ಗಮನವಿಲ್ಲ, ನಿರ್ಗಮನವಿಲ್ಲ ಅಂದರೆ ಡಿಗ್ರಿಯಿಲ್ಲ. "ಅಮ್ಮಾ, ಇನ್ನೂ ನಾಲ್ಕೂವರೆ ಗಂಟೆ ಇದೆ. ಬಸ್ ಸ್ಟ್ಯಾಂಡ್ ಹತ್ರ ಎರಡು ಹೋಟೆಲ್ ಇವೆ, ಅಲ್ಲಿ ಯಾರಾದ್ರೂ..."

"ಎಲ್ಲಿಗೂ ಹೋಗ್ಬೇಡ," ಎಂದಳು ಸೂಜಿಯಮ್ಮ. ಅವಳೊಬ್ಬಳು ಗೇಟಿನ ಒಳಗೆ ಹೋಗಿರಲಿಲ್ಲ. "ನಿನ್ನ ಹತ್ರ ಖಾಲಿ ಫಾರ್ಮ್ ಇನ್ನೊಂದು ಇದ್ರೆ ತೆಗಿ. ನಾನು ನಿಜವಾಗಿ ಬಿಡ್ತೀನಿ."

ನಗು ನಿಂತಿತು.

"ಏನಮ್ಮಾ ತಮಾಷೆ," ಎಂದ ಮಾವ.

"ತಮಾಷೆ ಅಲ್ಲ ಯಜಮಾನ್ರೇ. ಹೊಲಿಗೆ ಕಲಿಸೋ ಶಾಲೆಯೋರು ಮೂರು ಸಲ ಕರೆದಿದ್ದಾರೆ, ಬಂದು ಹೆಣ್ಣುಮಕ್ಕಳಿಗೆ ಹೇಳ್ಕೊಡಿ ಅಂತ. ಮೂರು ಸಲವೂ ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ನನಗೇ ಗೊತ್ತಿರ್ಲಿಲ್ಲ. ನಿನ್ನೆ ಈ ಹುಡುಗ 'ಮುಂದೇನು' ಅಂತ ಕೇಳಿದಾಗ ಬಾಯಿಂದ ಬಂದ್ಬಿಡ್ತು. ಬಂದಿದ್ದು ಮತ್ತೆ ಒಳಗೆ ಹೋಗ್ತಿಲ್ಲ."

ಮಾವ ಮೊದಲು ಗದರಿದ, ಆಮೇಲೆ ಗೋಗರೆದ. ಯಂತ್ರ ತಿರುಗಿಸುತ್ತೇನೆ ಎಂದ. ಫ್ಯಾನನ್ನು ಅವಳ ಮನೆಗೇ ಕಳಿಸುತ್ತೇನೆ ಎಂದ. "ಎಲ್ಲಾ ಮಾಡಿ ಯಜಮಾನ್ರೇ, ನನ್ನ ಜಾಗಕ್ಕೆ ಬರೋಳಿಗೆ," ಎಂದಳು ಸೂಜಿಯಮ್ಮ. "ನಾಳೆ ನೂರಿಪ್ಪತ್ತು ಗಾದಿ ಮುಗಿಸಿಕೊಟ್ಟೇ ಹೋಗ್ತೀನಿ. ಕಡೇ ದಿನ ನಾಳೆ ಅಂತ ಬರೆಯಪ್ಪ."

ಎಲ್ಲರೂ ಒಳಗೆ ಹೋದ ಮೇಲೆ ಪಟ್ಟು ಫಾರ್ಮ್ ತುಂಬಿ ಮಾವನ ಮೇಜಿನ ಮೇಲಿಟ್ಟ. ಮಾವ ಪೆನ್ನು ಮುಟ್ಟಲಿಲ್ಲ.

"ಸಹಿ ಹಾಕಿದ್ರೆ ಇವಳು ಹೋಗ್ತಾಳೆ. ಹಾಕದಿದ್ರೆ ಇವನು ಫೇಲು. ಅಕ್ಕಾ, ಇದು ಯಾವ ನ್ಯಾಯ? ಇವನ ಡಿಗ್ರಿಗೆ ನನ್ನ ಕಾರ್ಖಾನೆಯ ಬೆನ್ನುಮೂಳೆನೇ ಕೊಡ್ಬೇಕಾ?"

ಅಮ್ಮ ಮಗನನ್ನು ನೋಡಿದಳು, ಸೂಜಿಯಮ್ಮನನ್ನು ನೋಡಿದಳು. ಉಳಿದವರೆಲ್ಲ ಮಾವನನ್ನೇ ನೋಡಿದರು.

ಆಗ ಪಟ್ಟು, ತನ್ನ ಇಡೀ ಬದುಕಿನಲ್ಲಿ ಒಮ್ಮೆ, ಪಟ್ಟು ಬಿಟ್ಟ. "ಬೇಡ ಮಾವ. ಹಾಕ್ಲೇಬೇಕು ಅಂತಿಲ್ಲ. ನಾನು ಸೋಮವಾರದಿಂದ ಫೋಮ್ ತುಂಬ್ತೀನಿ. ಆದ್ರೆ ಸೂಜಿಯಮ್ಮ ಹೇಳಿದ್ದನ್ನ ಓದು. ನಾನು ತುಂಬಾ ಕಷ್ಟಪಟ್ಟು ಬರ್ಕೊಂಡಿದ್ದೀನಿ."

ಹದಿನಾಲ್ಕು ಹಾಳೆ. ಮಾವ ಓದಲು ಕೂತ. ಮೊದಲ ಹಾಳೆಗೆ ಮುಖ ಕೆಂಪಾಯಿತು. ಮೂರನೆಯದಕ್ಕೆ ಎದ್ದುಹೋಗಿ ಫ್ಯಾನು ಆರಿಸಿ ಬಂದ. ಏಳನೆಯದರಲ್ಲಿ "ಇದು ಸುಳ್ಳು!" ಎಂದು ಕೂಗಿ, ಎಂಟನೆಯದರಲ್ಲಿ "ಅಲ್ಲ, ಇದು ನಿಜ" ಎಂದು ಗೊಣಗಿದ. ಒಂಬತ್ತನೆಯ ಪ್ರಶ್ನೆಯ ಉತ್ತರವನ್ನು ಎರಡು ಸಲ ಓದಿದ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಯಾಗಿತ್ತು.

"ಹೆಣ್ಣುಮಕ್ಕಳಿಗೆ ಅಂಚು ಹೊಲಿಯೋದು ಸರಿಯಾಗಿ ಹೇಳ್ಕೊಡಮ್ಮ," ಎಂದ. "ಅವರಲ್ಲಿ ಒಬ್ಬಳನ್ನ ನನಗೆ ಕಳಿಸು."

ಫಾರ್ಮಿನ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ಸಹಿ ಮಾಡಿದ. ಮೊಹರನ್ನು ಕುಟ್ಟಲಿಲ್ಲ, ಮಲಗಿದ ಮಗುವಿನ ಹಣೆ ಮುಟ್ಟುವಷ್ಟು ಮೆಲ್ಲಗೆ ಒತ್ತಿದ. ಅದು ಅರ್ಧವೇ ಮೂಡಿತು. ಅಮ್ಮ, "ಗಟ್ಟಿಯಾಗಿ ಒತ್ತೋ, ನನ್ನ ಮಗ ಫೇಲಾಗ್ತಾನೆ!" ಎಂದಳು.

ಪಟ್ಟು ಓಡಿದ. ಮೂರು ಐವತ್ತೆಂಟಕ್ಕೆ ಮೇಡಂ ಕೋಣೆಯ ಬಾಗಿಲಲ್ಲಿ, ತಲೆಯ ತುಂಬ ಫೋಮಿನ ಪುಡಿಯೊಂದಿಗೆ, ಒಂದು ಕಿವಿ ಕೆಂಪಾಗಿ, ಏದುಸಿರು ಬಿಡುತ್ತ ನಿಂತಿದ್ದ.

ಮೇಡಂ ಮೊದಲ ಹಾಳೆಯನ್ನು ಅನುಮಾನದಿಂದ ಎತ್ತಿಕೊಂಡರು. ಎರಡನೆಯದನ್ನು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕನೆಯದರ ಹೊತ್ತಿಗೆ ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ನಾಲ್ಕೂ ಐದು ಕಳೆಯಿತು, ನಾಲ್ಕೂವರೆಯಾಯಿತು, ಅವರಿಗೆ ಪಟ್ಟುವಿನ ಗುರುತು ಇನ್ನೂ ಇತ್ತು.

"ಇಷ್ಟೆಲ್ಲ ಹೇಳ್ಸೋಕೆ ನೀನು ಏನು ತಂತ್ರ ಮಾಡ್ದೆ?"

"ಏನೂ ಇಲ್ಲ ಮೇಡಂ. ಬರೆಯೋದ್ರಲ್ಲೇ ಕೈ ಸೋತಿತ್ತು. ಮಧ್ಯೆ ಮಾತಾಡೋಕೆ ಬಿಡುವೇ ಸಿಗಲಿಲ್ಲ."

ಮೇಡಂ ಅಂಕಪಟ್ಟಿ ಎಳೆದುಕೊಂಡು ಅವನ ಸಂಖ್ಯೆಯ ಮುಂದೆ ಎಪ್ಪತ್ತೊಂದು ಎಂದು ಬರೆದು, ಕೆಳಗೆ ಗೆರೆ ಎಳೆದರು. ಪಟ್ಟು ಅದನ್ನು ತಲೆಕೆಳಗಾಗಿ ಹದಿನೇಳು ಎಂದು ಓದಿಕೊಂಡು ಕಣ್ಣೀರು ತುಂಬಿಕೊಂಡ. ಅವರು ಪಟ್ಟಿಯನ್ನು ಅವನ ಕಡೆ ತಿರುಗಿಸಬೇಕಾಯಿತು.

"ಅಂಕ ಬರೆದಾಯ್ತು, ಇನ್ನು ಇದಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದು ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ತಮ್ಮ ಕುರ್ಚಿಗೆ ವಾಪಸು ಬರಲಿಲ್ಲ. ವಿದ್ಯಾರ್ಥಿಗಳ ಬೆಂಚಿನ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡರು. "ಪೆನ್ನಲ್ಲಿ ಇಂಕ್ ಇದೆಯಾ? ಪ್ರಶ್ನೆ ಒಂದರಿಂದ ಶುರು ಮಾಡು."

ಪಟ್ಟು ಕಂಗಾಲಾದ. "ಮೇಡಂ, ನೀವು ಕೆಲಸ ಬಿಡ್ತಿದ್ದೀರಾ? ನಿಜವಾಗಿ ಬಿಡ್ತಾ ಇರೋರೇ ಆಗ್ಬೇಕು ಅಂತ ನೀವೇ..."

"ನೀನು ಕೇಳ್ತಾ ಹೋಗಯ್ಯ," ಎಂದರು ಮೇಡಂ. "ಬಿಡ್ತೀನೋ ಇಲ್ವೋ ಅನ್ನೋದು ಒಂಬತ್ತನೇ ಪ್ರಶ್ನೆ ಹೊತ್ತಿಗೆ ಇಬ್ಬರಿಗೂ ಗೊತ್ತಾಗುತ್ತೆ."